ಗೂನು ಬೆನ್ನು: ಸದಸ್ಯರ ಗಮನಕ್ಕೆ

ಮೇಲ್ಬೆನ್ನು ತುಸು ಬಾಗಿರುವುದು ಸಹಜ. ಎಕ್ಸ್‌ರೇಯಲ್ಲಿ ಸುಮಾರು 20ರಿಂದ 45 ಡಿಗ್ರಿ. ಅದನ್ನು ಮೀರಿದರೆ ಗೂನು.

ಮೊದಲು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ನೋಡಿ. ಬೆನ್ನು ನೇರವಾದರೆ ಬಹುತೇಕ ಭಂಗಿಯ ದೋಷ. ಬೆನ್ನಿನ ಸ್ನಾಯು ಬಲಪಡಿಸುವ, ಎದೆಯ ಸ್ನಾಯು ಸಡಿಲಿಸುವ ವ್ಯಾಯಾಮ ಸಾಕು. ನೇರವಾಗದಿದ್ದರೆ ತೊಂದರೆ ಮೂಳೆಯಲ್ಲೇ ಇರಬಹುದು. ಹದಿಹರೆಯದಲ್ಲಿ ಅಕ್ಕಪಕ್ಕದ ಮೂರು ಕಶೇರುಕಗಳು (ಬೆನ್ನುಹುರಿಯನ್ನು ಸುತ್ತುವರಿದ ಬೆನ್ನೆಲುಬಿನ ಬಿಡಿ ಮೂಳೆಗಳು) ತಲಾ 5 ಡಿಗ್ರಿಯಾದರೂ ಬೆಣೆಯಾಕಾರವಾಗಿದ್ದರೆ ಅದು ಶೂಯರ್‌ಮನ್ ಕಾಯಿಲೆ. 'ನೆಟ್ಟಗೆ ಕೂರು' ಎಂದು ಗದರಿದರೆ ಇದು ಸರಿಹೋಗದು! ಬ್ರೇಸ್ (ಬೆನ್ನನ್ನು ನೇರ ಹಿಡಿಯಲು ಮೈಗೆ ತೊಡಿಸುವ ಆಧಾರ ಕವಚ) ಫಲ ಕೊಡುವುದು ಬೆಳವಣಿಗೆ ಮುಗಿಯುವ ಮುನ್ನ ಮಾತ್ರ. ಶಸ್ತ್ರಚಿಕಿತ್ಸೆಯ ಮಾತು ಸಾಮಾನ್ಯವಾಗಿ 70 ಡಿಗ್ರಿ ದಾಟಿದ ಮೇಲೆ.

ವಯಸ್ಸಾದವರಲ್ಲಿ ಮೂಳೆ ಸವೆದು ಕಶೇರುಕದ ಮುಂಭಾಗ ಕುಸಿದಿರಬಹುದು. ಅವರಿಗೆ ಮುಂದಕ್ಕೆ ಬಗ್ಗುವ ವ್ಯಾಯಾಮ ಬೇಡ, ಮೂಳೆ ಸಾಂದ್ರತೆ ಪರೀಕ್ಷಿಸಿ.

ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.