ಬೈಲಕುಪ್ಪೆಯ ಮಕ್ಕಳು ಒಟ್ಟಿಗೆ ಆಡಲಿ

ಮಾನ್ಯ ಸಂಪಾದಕರೇ,

ಬೈಲಕುಪ್ಪೆ ಎಂದರೆ ಹೊರಗಿನವರಿಗೆ ಗೋಲ್ಡನ್ ಟೆಂಪಲ್ ಮತ್ತು ಮೊಮೊ. ಅಷ್ಟು ಮುಗಿಸಿ ಕಾರು ಹತ್ತುತ್ತಾರೆ. 1961ರಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಇಲ್ಲಿ ನೆಲೆ ಕೊಟ್ಟಿತು. ದೊಡ್ಡವರ ನಡುವೆ ಒಡನಾಟಕ್ಕೇನೂ ಕೊರತೆಯಿಲ್ಲ. ಜೋಳದ ಹೊಲ, ಅಂಗಡಿ, ಬಾಡಿಗೆ ಎಲ್ಲದರಲ್ಲೂ ಕೊಡುಕೊಳ್ಳುವಿಕೆ ಇದೆ. ಕ್ಯಾಂಪಿನ ಅಜ್ಜಂದಿರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ, ಅದೂ ನಮಗಿಂತ ಜೋರಾಗಿ!

ಮಕ್ಕಳ ವಿಷಯ ಹಾಗಲ್ಲ. ಟಿಬೆಟನ್ ಮಕ್ಕಳಲ್ಲಿ ಹೆಚ್ಚಿನವರು ಅವರದೇ ಶಾಲೆಗಳಿಗೆ ಹೋದರೆ, ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಸರ್ಕಾರಿ ಶಾಲೆ. ತಮ್ಮ ಭಾಷೆ, ಸಂಸ್ಕೃತಿ ಉಳಿಸಿಕೊಳ್ಳಲು ಅವರಿಗೆ ಪ್ರತ್ಯೇಕ ಶಾಲೆ ಬೇಕು, ಒಪ್ಪೋಣ. ಆಟದ ಬಯಲೂ ಬೇರೆಯಾಗಬೇಕೇ? ಲಗೋರಿಗೆ ಏಳು ಕಲ್ಲು, ಒಂದು ಚೆಂಡು ಸಾಕು. ಫುಟ್‌ಬಾಲಿನಲ್ಲಿ ಪಾಸ್ ಕೊಡಲು ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಜಗಳವಾದರೂ ಅರ್ಧ ಗಂಟೆಯಲ್ಲಿ ಮುಗಿದಿರುತ್ತದೆ.

ಆಟ ಪ್ರತಿ ಮಗುವಿನ ಹಕ್ಕು ಎನ್ನುತ್ತದೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ. ಭಾರತ ಅದನ್ನು 1992ರಲ್ಲೇ ಒಪ್ಪಿದೆ. ನಿರಾಶ್ರಿತ ಮಕ್ಕಳನ್ನೂ ಅದು ಹೊರಗಿಟ್ಟಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಶಿಕ್ಷಣಾಧಿಕಾರಿಗಳು ಮತ್ತು ಟಿಬೆಟನ್ ಶಾಲೆಗಳ ಮುಖ್ಯಸ್ಥರು ಕೂತು ಮಾತಾಡಿ, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡೂ ಕಡೆಯ ಮಕ್ಕಳನ್ನು ಒಂದೇ ಮೈದಾನಕ್ಕೆ ಬಿಡಲಿ. ತಂಡಗಳನ್ನು ಬೆರೆಸಿಯೇ ಮಾಡಬೇಕು. ‘ನಾವು–ಅವರು’ ಪಂದ್ಯವಾದರೆ ಆಡಿಸದಿರುವುದೇ ವಾಸಿ. ದಯವಿಟ್ಟು ವೇದಿಕೆ, ಹಾರ, ಅತಿಥಿಗಳ ಭಾಷಣ ಬೇಡ.

– ಓದುಗ, ಪಿರಿಯಾಪಟ್ಟಣ