ಆಂತರಿಕ ಅಂಕಗಳ ಬಗ್ಗೆ ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಶಿಕ್ಷಕ ಮಿತ್ರರಿಗೂ ಪೋಷಕರಿಗೂ ನಮಸ್ಕಾರಗಳು.

ಎಸ್‌ಎಸ್‌ಎಲ್‌ಸಿಯ 625 ಅಂಕಗಳ ಪದ್ಧತಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20ರಂತೆ ಒಟ್ಟು 125 ಅಂಕಗಳು ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಸಲ್ಲುತ್ತವೆ. ಲಿಖಿತ ಪರೀಕ್ಷೆಯಲ್ಲಿ ಕಾಣದೇ ಹೋಗುವ ಮಕ್ಕಳ ಸ್ವಂತ ಯೋಚನೆಗೆ ಅವಕಾಶವಿರುವುದು ಇಲ್ಲಿಯೇ. ಆದರೆ ಅಂತರ್ಜಾಲದಿಂದ ನಕಲು ಮಾಡಿದ ಯೋಜನಾ ವರದಿಗೂ, ಮಗು ತಾನೇ ಅಲೆದು ವಿಚಾರಿಸಿ ಬರೆದ ವರದಿಗೂ ಒಂದೇ ಅಂಕ ದೊರೆತರೆ ಆ ಅವಕಾಶ ವ್ಯರ್ಥವಾಗುತ್ತದೆ.

ಇದು ಸಾರ್ವತ್ರಿಕ ಪರೀಕ್ಷೆಯ ವಿರುದ್ಧದ ಮಾತಲ್ಲ. ಹಳ್ಳಿಯ ಮಗುವಿಗೂ ನಗರದ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಸಿಗುವುದು, ಹೆಸರು ಅರಿಯದವರು ಉತ್ತರಪತ್ರಿಕೆಯನ್ನು ತಿದ್ದುವುದು ದೊಡ್ಡ ನ್ಯಾಯವೆಂದೇ ನನ್ನ ಭಾವನೆ. ಸೃಜನಶೀಲತೆಯನ್ನು ಅಳೆಯಲಾಗದೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. 15 ವರ್ಷದ ವಿದ್ಯಾರ್ಥಿಗಳಿಗೆ ನಡೆಯುವ ಅಂತರರಾಷ್ಟ್ರೀಯ ‘ಪೀಸಾ’ ಪರೀಕ್ಷೆಯು 2022ರಲ್ಲಿ ಮೊದಲ ಬಾರಿಗೆ ಸೃಜನಶೀಲ ಚಿಂತನೆಯನ್ನೂ ಅಳೆಯಿತು. ಒಂದೇ ಸಮಸ್ಯೆಗೆ ಪರಸ್ಪರ ಭಿನ್ನವಾದ ಪರಿಹಾರಗಳನ್ನು ಸೂಚಿಸುವುದು, ಇನ್ನೊಬ್ಬರ ಆಲೋಚನೆಯನ್ನು ಉತ್ತಮಪಡಿಸುವುದು ಅದರ ಪ್ರಶ್ನೆಗಳ ಸ್ವರೂಪವಾಗಿತ್ತು. ಗಣಿತದಲ್ಲಿ ಮೊದಲಿದ್ದ ಸಿಂಗಾಪುರವೇ 60ಕ್ಕೆ 41 ಅಂಕಗಳ ಸರಾಸರಿಯೊಂದಿಗೆ ಇಲ್ಲಿಯೂ ಮೊದಲಾಯಿತು.

ಆದ್ದರಿಂದ ಕಲಿಕೆಯ ನಡುವೆ ಶಾಲೆಯಲ್ಲಿ ನಡೆಸುವ ಮುಂದಿನ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಪ್ರತಿ ವಿಷಯಕ್ಕೂ ಇಂಥ ಒಂದು ಚಟುವಟಿಕೆಯನ್ನಾದರೂ ಕೊಡಬೇಕೆಂದು ಶಿಕ್ಷಕರಲ್ಲಿ ವಿನಂತಿ. ಊರಿನ ಕೆರೆಯ ಹೂಳಿನ ಸಮಸ್ಯೆಗೆ ಮೂರು ಬೇರೆ ಬೇರೆ ಪರಿಹಾರಗಳನ್ನು ಬರೆಸಿ, ಅಂಕ ನೀಡುವ ಮಾನದಂಡವನ್ನು ಮಕ್ಕಳಿಗೆ ಮೊದಲೇ ತಿಳಿಸಬಹುದು. ಪೋಷಕರು ದಯವಿಟ್ಟು ಮಕ್ಕಳ ವರದಿಯನ್ನು ತಾವೇ ಬರೆದುಕೊಡಬಾರದು. ಚಟುವಟಿಕೆಗಳ ಮಾದರಿಗಳನ್ನು ಮಕ್ಕಳ ಹೆಸರಿಲ್ಲದೆ ಈ ಗುಂಪಿನಲ್ಲಿಯೇ ಹಂಚಿಕೊಳ್ಳಿರಿ.