ಜೀವವಿಕಾಸದ ಸಾಕ್ಷ್ಯ ನಮ್ಮ ಕಾಫಿ ತೋಟದಲ್ಲೇ ಇದೆ

ಮಾನ್ಯರೆ,

ಇತ್ತೀಚೆಗೆ ನಮ್ಮ ಭಾಗದ ಸಮಾರಂಭವೊಂದರಲ್ಲಿ ಭಾಷಣಕಾರರೊಬ್ಬರು, ಜೀವವಿಕಾಸವೆಂಬುದು ಬರೀ ಒಂದು ವಾದ, ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ ಎಂದು ಮಕ್ಕಳ ಮುಂದೆ ಹೇಳಿದರು. ಬಹುಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ, ಈಗ ಸಣ್ಣದೊಂದು ತೋಟ ನೋಡಿಕೊಂಡಿರುವ ನನಗೆ ಆ ಮಾತಿನಿಂದ ನೋವಾಯಿತು. ಕನ್ನಡದಲ್ಲಿ ನಾವು ‘ವಿಕಾಸವಾದ’ ಎಂದು ಬರೆಯುತ್ತ ಬಂದದ್ದೂ ಈ ಗೊಂದಲಕ್ಕೆ ಒಂದು ಕಾರಣವಿರಬಹುದು. ವಾದ ಎಂದೊಡನೆ ಪ್ರತಿವಾದಕ್ಕೂ ಅಷ್ಟೇ ತೂಕವಿದೆ ಎಂದು ಕೇಳುವವರಿಗೆ ಅನ್ನಿಸುತ್ತದೆ.

ಆದರೆ ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಜೀವವಿಕಾಸವನ್ನು ಕಣ್ಣಾರೆ ಕಂಡವರು, ಅದರಿಂದ ನಷ್ಟವನ್ನೂ ಉಂಡವರು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ಕೃಷಿಯನ್ನೇ ಮುಗಿಸಿದ ಎಲೆ ತುಕ್ಕು ರೋಗ ನಮ್ಮ ಮಲೆನಾಡಿಗೂ ಬಂತು. ರೋಗದ ನಡುವೆಯೂ ಹಸಿರಾಗಿ ಉಳಿದ ಗಿಡಗಳಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರಿಸಿದ ಕೆಂಟ್ಸ್ ತಳಿಯನ್ನು ಬೆಳೆಗಾರರು ನಂಬಿ ನೆಟ್ಟರು. ಕೆಲವೇ ವರ್ಷಗಳಲ್ಲಿ ಅದರ ಎಲೆಯಡಿಯಲ್ಲೂ ತುಕ್ಕಿನ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಮುಂದೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು ಎಸ್ 288 ಮತ್ತು ಕೆಂಟ್ಸ್ ತಳಿಗಳನ್ನು ಸಂಕರಿಸಿ ಎಸ್ 795 ತಳಿಯನ್ನು ಕೊಟ್ಟಿತು. ಅದರ ನಿರೋಧಕ ಶಕ್ತಿಯೂ ಕಾಲಕ್ರಮೇಣ ಕುಗ್ಗಿತು.

ಇಲ್ಲಿ ನಡೆದದ್ದೇನೆಂಬುದನ್ನು ನಿಧಾನವಾಗಿ ನೋಡಬೇಕು. ತುಕ್ಕಿನ ಶಿಲೀಂಧ್ರಕ್ಕೆ ಹೊಸ ಗಿಡವನ್ನು ಗೆಲ್ಲುವುದನ್ನು ಯಾರೂ ಹೇಳಿಕೊಡಲಿಲ್ಲ. ಗಾಳಿಯಲ್ಲಿ ಹಾರುವ ಲಕ್ಷಾಂತರ ಬೀಜಕಗಳಲ್ಲಿ ಎಲ್ಲೋ ಒಂದೆರಡು ಆಕಸ್ಮಿಕವಾಗಿ ಬದಲಾದ ಗುಣವುಳ್ಳವಾಗಿದ್ದು, ಉಳಿದವು ಹೊಸ ತಳಿಯ ಎಲೆಯ ಮೇಲೆ ಬಿದ್ದು ಸತ್ತಾಗ ಅವು ಮಾತ್ರ ಬೇರೂರಿ, ಪೈಪೋಟಿಯಿಲ್ಲದ ಆ ತೋಟದಲ್ಲಿ ತಮ್ಮ ಸಂತತಿಯನ್ನು ಹೆಚ್ಚಿಸಿಕೊಂಡವು. ಇದೇ ನಿಸರ್ಗದ ಆಯ್ಕೆ. ಈ ಶಿಲೀಂಧ್ರದಲ್ಲಿ ಇಂತಹ ಐವತ್ತಕ್ಕೂ ಹೆಚ್ಚು ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಎಷ್ಟೇ ಬದಲಾದರೂ ತುಕ್ಕು ತುಕ್ಕಾಗಿಯೇ ಉಳಿಯಿತಲ್ಲ, ಹೊಸ ಪ್ರಭೇದ ಹುಟ್ಟಿತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಅದೇ ತೋಟದಲ್ಲಿದೆ. ನಾವು ಬೆಳೆಯುವ ಕಾಫಿಯ ಎರಡು ಪ್ರಭೇದಗಳಲ್ಲಿ, ರೊಬಸ್ಟಾ ಗಿಡದ ಜೀವಕೋಶದಲ್ಲಿ ಡಿಎನ್‌ಎಯನ್ನು ಹೊತ್ತ ಎಳೆಗಳಾದ ವರ್ಣತಂತುಗಳು (ಕ್ರೋಮೋಸೋಮ್) 22 ಇದ್ದರೆ ಅರೇಬಿಕಾದಲ್ಲಿ 44 ಇವೆ. ಆಫ್ರಿಕಾದ ಕಾಡಿನಲ್ಲಿ ರೊಬಸ್ಟಾ ಮತ್ತು ಯುಜೀನಿಯಾಯ್ಡಿಸ್ ಎಂಬ ಎರಡು ಪ್ರಭೇದಗಳು ತಾವಾಗಿಯೇ ಸಂಕರಗೊಂಡು, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಒಂದೆಡೆ ಉಳಿದುದರಿಂದ ಅರೇಬಿಕಾ ಹುಟ್ಟಿತೆಂಬುದು ಅದರ ಡಿಎನ್‌ಎಯಲ್ಲೇ ದಾಖಲಾಗಿದೆ.

ಮನುಷ್ಯನ ದೇಹವೂ ಇದಕ್ಕೆ ಹೊರತಲ್ಲ. ಚಿಂಪಾಂಜಿಗೆ 48 ವರ್ಣತಂತುಗಳು, ನಮಗೆ 46. ನಮ್ಮ ಎರಡನೆಯ ವರ್ಣತಂತುವಿನ ಒಳಭಾಗದಲ್ಲಿ, ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸರಣಿಗಳು ಎದುರುಬದುರಾಗಿ ಕೂಡಿಕೊಂಡಿದ್ದು, ಪೂರ್ವಜರ ಎರಡು ವರ್ಣತಂತುಗಳು ಬೆಸೆದುಕೊಂಡ ಗುರುತಾಗಿ ಉಳಿದಿವೆ. ಪಳೆಯುಳಿಕೆಗಳ ಮಾತಿಗೆ ಬಂದರೆ, ಭೂವಿಜ್ಞಾನಿ ಎ. ರಂಗರಾವ್ ಕಾಶ್ಮೀರದಲ್ಲಿ ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಸುಮಾರು 4.8 ಕೋಟಿ ವರ್ಷ ಹಿಂದಿನ ಇಂಡೋಹಿಯಸ್ ಎಂಬ ಗೊರಸಿನ ಪುಟ್ಟ ಪ್ರಾಣಿಯ ಕಿವಿಮೂಳೆ ತಿಮಿಂಗಿಲಗಳದನ್ನು ಹೋಲುತ್ತದೆಂದು 2007ರಲ್ಲಿ ಪ್ರಕಟವಾಯಿತು. ನೆಲದ ಪ್ರಾಣಿಗಳಿಗೂ ಕಡಲಿನ ತಿಮಿಂಗಿಲಗಳಿಗೂ ಇರುವ ನಂಟಿಗೆ ಇದು ಸಾಕ್ಷಿ.

2023ರಲ್ಲಿ ಕೇಂದ್ರದ ಪಠ್ಯಪುಸ್ತಕಗಳನ್ನು ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿಯು ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು. ಹನ್ನೆರಡನೆಯ ತರಗತಿಯಲ್ಲಿ ಆ ಪಾಠವಿದೆ ಎಂಬ ಸಮಾಧಾನ ಸಾಲದು, ಏಕೆಂದರೆ ಹತ್ತರ ನಂತರ ಜೀವಶಾಸ್ತ್ರ ಓದುವ ಮಕ್ಕಳೇ ಕಡಿಮೆ. ಆ ಭಾಗವನ್ನು ಮರಳಿ ಸೇರಿಸಬೇಕು. ಅಲ್ಲಿಯವರೆಗೆ ಜಿಲ್ಲೆಯ ಶಿಕ್ಷಣ ಇಲಾಖೆಯು ಮಳೆಗಾಲ ಮುಗಿದು ತುಕ್ಕು ಹೆಚ್ಚುವ ದಿನಗಳಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಹತ್ತಿರದ ತೋಟಗಳಿಗೆ ಕರೆದೊಯ್ದು, ಹಳೆಯ ಹೊಸ ತಳಿಗಳ ಎಲೆಗಳನ್ನು ಮಸೂರದಲ್ಲಿ ಹೋಲಿಸಿ ನೋಡುವ ಅವಕಾಶ ಕಲ್ಪಿಸಬೇಕೆಂದು ಕೋರುತ್ತೇನೆ. ನನ್ನ ತೋಟದ ಗೇಟು ಅವರಿಗೆ ಯಾವಾಗಲೂ ತೆರೆದಿರುತ್ತದೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿಕ್ಕಮಗಳೂರು ಜಿಲ್ಲೆ